ಒಂದೇ ಅಳು

ಹಸಿರು ಬಟ್ಟೆಗೆ ಇಸ್ತ್ರಿಯೇ ಬಿದ್ದಿಲ್ಲ, ಎದೆಯ ಮೇಲೆ ಅಡ್ಡ ಕಟ್ಟಿದ ಪರದೆಯ ಅಂಚೆಲ್ಲ ಸುಕ್ಕು, ಒಂದು ಸಲ ಹಬೆ ಹಾಯಿಸಿದ್ದರೆ ಸಾಕಿತ್ತು — ಇಂಥ ಹೊತ್ತಿನಲ್ಲೂ ಕಣ್ಣು ಹೋಗುವುದು ಬಟ್ಟೆಯ ಕಡೆಗೇ, ಮದುವೆಗೂ ಮುಂಚಿನಿಂದ ಕಾರ್ಖಾನೆಯ ಇಸ್ತ್ರಿ ಮೇಜಿನ ಮುಂದೆ ನಿಂತವಳ ಕಣ್ಣು, ಸೊಂಟದ ಕೆಳಗೆ ಮಾತ್ರ ಏನೂ ಇಲ್ಲ, ಬೆನ್ನಿಗೆ ಸೂಜಿ ಚುಚ್ಚಿದ ಮೇಲೆ ಕಾಲುಗಳು ಯಾರದೋ ಆಗಿವೆ, ಊದಿ ಊದಿ ಚಪ್ಪಲಿಗೆ ಹಿಡಿಸದ ಕಾಲುಗಳು, ಯಾರದಾದರೂ ಆಗಲಿ. ನೋವಾಗಲ್ಲಮ್ಮ, ಎಳೆದ ಹಾಗೆ ಅನ್ಸುತ್ತೆ ಅಷ್ಟೇ, ಪರದೆಯ ಆಚೆಯಿಂದ ಡಾಕ್ಟರಮ್ಮ. ಎಳೆಯಲಿ. ಯಾವುದನ್ನು ಮೊದಲು ಎಳೆಯುತ್ತಾರೋ, ಬದುಕಿರುವುದನ್ನೋ, ಇಲ್ಲ — ಆ ಮಾತು ಮನಸ್ಸಿನಲ್ಲೂ ಪೂರ್ತಿಯಾಗದು, ತಿಂಗಳಿಂದ ಆಗಿಲ್ಲ, ಸ್ಕ್ಯಾನಿಂಗ್ ಕೋಣೆಯಾಕೆ ಟೀವಿಯನ್ನು ತಟ್ಟನೆ ತನ್ನ ಕಡೆ ತಿರುಗಿಸಿಕೊಂಡು, ಎಡಗಡೆ ಮಗುವಿನ ಎದೆಬಡಿತ ಸಿಗ್ತಿಲ್ಲ, ಅಂದ ದಿನದಿಂದ. ಸಿಗುತ್ತಿಲ್ಲ ಅಂದರೆ ಎಲ್ಲೋ ಇದೆ, ಹುಡುಕಬೇಕು, ಎಂದೇ ಅವಳು ತಿಳಿದದ್ದು, ಇನ್ನೊಂದ್ಸಲ ನೋಡಿ ಮೇಡಂ, ಅಂದದ್ದು.

ಹೊರಬೇಕು, ಎರಡನ್ನೂ ಹೊರಬೇಕು, ಬೇರೆ ಬೇರೆ ಚೀಲದಲ್ಲಿವೆ, ಇನ್ನೊಂದಕ್ಕೆ ಏನೂ ಆಗದೇ ಇರಬಹುದು, ಈಗ್ಲೇ ತೆಗೆದ್ರೆ ಅದೂ ಉಳಿಯೋದು ಕಷ್ಟ, ಆದಷ್ಟು ದಿನ ಒಳಗೇ ಬೆಳೀಲಿ, ಅಂದಿದ್ದರು ಡಾಕ್ಟರಮ್ಮ — ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಯಾರ ಹತ್ರಾನೂ ಬಾಯಿ ಬಿಡ್ಬೇಡ ಕಣೇ, ಅತ್ತೆಯ ಅಪ್ಪಣೆ, ಹೀಗಾಗಿ ಸೂಪರ್‌ವೈಸರ್ ದಿನವೂ ನಗಿಸುತ್ತಲೇ ಇದ್ದ, ಸಂಬಳ ಒಬ್ಬಳಿಗೆ, ಕೆಲಸಕ್ಕೆ ಬರೋದು ಮೂರು ಜನ, ಕಂಪನಿಗೇ ಲಾಭ, ಅವಳೂ ನಕ್ಕಳು, ನಗುತ್ತ ನಗುತ್ತಲೇ ಅಂಗಿಯೊಂದರ ಕಾಲರ್ ಸುಟ್ಟಳು. ಗಂಡ ಹೊಟ್ಟೆಯ ಬಲಗಡೆ ಮಾತ್ರ ಕೈಯಿಡುತ್ತಿದ್ದ, ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ, ಅವಳು ಆ ಕೈಯನ್ನು ಎಡಕ್ಕೆ ಎಳೆದಾಗ ಕೆಂಡ ತಾಗಿದವನಂತೆ ಕಿತ್ತುಕೊಂಡ, ಬೇಡ ಬಿಡು, ಅಂದ, ಗೋಡೆಗೆ ಮುಖ ಮಾಡಿ ಅತ್ತ, ಅವನಿಗಾದರೂ ಗೋಡೆಯಿತ್ತು. ಬಲಗಡೆಯದು ಒದ್ದಾಗೆಲ್ಲ ಖುಷಿಯಾಗಬೇಕಿತ್ತು, ಆದದ್ದು ನಾಚಿಕೆ. ಇವತ್ತು ಬೆಳಿಗ್ಗೆ ತಲೆ ಸಿಡಿಯಿತು, ಕಣ್ಣೆದುರು ಮಿಣುಕು ಹುಳುಗಳು, ಬಿಪಿ ವಿಪರೀತ ಏರಿದೆ, ಇನ್ನು ಕಾಯೋ ಹಾಗಿಲ್ಲ, ತಾಯಿಗೇ ಫಿಟ್ಸ್ ಬರಬಹುದು — ತಾಯಿ ಅಂದರೆ ತಾನೇ ಎಂದು ಹೊಳೆಯಲು ಹೊತ್ತು ಹಿಡಿಯಿತು.

ಎಳೆದರು, ಒಳಗಿಂದ ಏನೋ ಜಾರಿತು, ಆಮೇಲೆ ಅಳು, ಅಳುವೇ ಅದು, ಬೆಕ್ಕಿನ ಮರಿಯಂಥ ಸಣ್ಣ ಸ್ವರ, ಎರಡು ಸಲ ಕೇಳಿ ನಿಂತುಹೋಯಿತು, ಹೆಣ್ಣು, ತುಂಬ ಚಿಕ್ಕದು, ಉಸಿರು ಸಾಲ್ತಿಲ್ಲ, ಬೇಗ ಬೇಗ, ಬಾಗಿಲು ಬಡಿದುಕೊಂಡಿತು, ಗಾಜಿನ ಪೆಟ್ಟಿಗೆಗೆ ಒಯ್ದರು, ಮುಖ ತೋರಿಸಲಿಲ್ಲ. ಉಳಿಯುತ್ತಾ ಮೇಡಂ? ಈಗ್ಲೇ ಏನೂ ಹೇಳೋಕಾಗಲ್ಲಮ್ಮ. ಮತ್ತೆ ಎಳೆದರು, ಈ ಸಲ ಯಾರೂ ಮಾತಾಡಲಿಲ್ಲ, ಯಾರೂ ಓಡಲಿಲ್ಲ, ನರ್ಸೊಬ್ಬಳು ಏನನ್ನೋ ಹಿಡಿದು ಮೂಲೆಯ ಮೇಜಿನ ಕಡೆ ನಿಧಾನವಾಗಿ ನಡೆದಳು, ಬೆನ್ನು ಮಾಡಿ ನಿಂತಳು. ನೋಡ್ತೀಯೇನಮ್ಮ, ತಿರುಗದೆಯೇ ಕೇಳಿದಳು. ನೋಡ್ಬೇಡ, ನೋಡಿದ್ರೆ ಜನ್ಮವಿಡೀ ಮರೆಯೋಕಾಗಲ್ಲ, ಎಂದು ಅತ್ತೆ ಬಾಗಿಲವರೆಗೂ ಹೇಳಿ ಕಳಿಸಿದ್ದಾರೆ, ನೋಡ್ತೀನಿ ಅನ್ನಬೇಕು, ಕಣ್ಣು ಮಾತ್ರ ಅತ್ತ ಹೋಗುತ್ತದೆ, ಕೈಗೆ ಡ್ರಿಪ್ಪು, ನರ್ಸಿನ ಬೆನ್ನು, ಎರಡು ಮೊಣಕೈ, ಬಲ ಮೊಣಕೈ ಆಡಿತು, ಅದು ಬಲ ಮಡಿಕೆ, ಬಟ್ಟೆ ಮಡಿಸುವವಳಿಗೆ ಬೆನ್ನಿಂದಲೇ ಗೊತ್ತಾಗುತ್ತದೆ, ಎಡ ಮೊಣಕೈ, ಎಡ ಮಡಿಕೆ, ಕೆಳಗಿನ ಅಂಚು ಮೇಲಕ್ಕೆ, ಕೂಸಿನ ಬಟ್ಟೆ ಇಷ್ಟೇ, ಇಲ್ಲಿಗೆ ಮುಗಿಯಿತು, ಇನ್ನು ಮಡಿಸುವುದಿಲ್ಲ — ಮೊಣಕೈಗಳು ಮತ್ತೆ ಎದ್ದವು, ಮೇಲಿನ ಅಂಚು ಕೆಳಕ್ಕೆ, ಮುಖ ಇರುವ ಕಡೆ, ಆ ಅಂಚನ್ನು ಯಾರೂ ಮಡಿಸುವುದಿಲ್ಲ, ಮಡಿಸಬಾರದು, ಮೊಣಕೈ, ಮೇಲಿನ ಅಂಚು, ಮೊಣಕೈ, ಮೇಲಿನ ಅಂಚು