ತಂಬಿಗೆಯಾದ ಹೃದಯಗಳನ್ನು ಕಂಡ ನಾನು

ನಾನು ಒಂದು ಎಕೋ ಯಂತ್ರ. ಎದೆಯ ಮೇಲೆ ತಣ್ಣನೆಯ ಜೆಲ್ ಬಳಿದು ನನ್ನ ಹಿಡಿಕೆಯನ್ನು ಒತ್ತಿ ಹಿಡಿದರೆ, ಒಳಗೆ ಮಿಡಿಯುವ ಹೃದಯವನ್ನು ಪರದೆಯ ಮೇಲೆ ತೋರಿಸುವುದು ನನ್ನ ಕಸುಬು. ಹುಟ್ಟಿದ್ದು ಸಮುದ್ರದಾಚೆಯ ಕಾರ್ಖಾನೆಯಲ್ಲಿ. ಅಲ್ಲಿ ನನ್ನನ್ನು ಪರೀಕ್ಷಿಸಲು ಒಂದು ರಬ್ಬರ್ ಹೃದಯವನ್ನು ಇಟ್ಟಿದ್ದರು. ಹೃದಯವೆಂದರೆ ಇಷ್ಟೇ ತಾನೆ, ಉಬ್ಬುತ್ತದೆ, ಕುಗ್ಗುತ್ತದೆ ಎಂದುಕೊಂಡು ಬೀಗುತ್ತಲೇ ಹಡಗು ಹತ್ತಿದೆ.

ಮೊದಲ ಐದು ವರ್ಷ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ದುಡಿದೆ. ದಿನಕ್ಕೆ ಮೂವತ್ತು ಎದೆ. ಒಮ್ಮೆ ಕಂಡ ಹೃದಯವನ್ನು ಮತ್ತೆ ಕಾಣುವ ಭಾಗ್ಯ ಅಲ್ಲಿರಲಿಲ್ಲ. ಹೊಸ ಯಂತ್ರ ಬಂದ ವಾರವೇ ನನ್ನನ್ನು ತಾಡಪಾಲು ಹೊದಿಸಿ ಲಾರಿಗೆ ಏರಿಸಿದರು. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನನ್ನ ಮೈಮೇಲಿನ ಧೂಳು ಒರೆಸಿದವರು ಸಿಸ್ಟರ್ ಕಸ್ತೂರಿ ಬಡಿಗೇರ. ನನ್ನನ್ನು ನಡೆಸಿದವರು ಡಾಕ್ಟರ್ ಶರಯೂ ಹೆಬಸೂರ. ಡಾಕ್ಟರದು ಗಟ್ಟಿ ಹಟ, ಕಸ್ತೂರಿಯದು ಗಟ್ಟಿ ದನಿ. ಇಬ್ಬರ ನಡುವೆ ನಾನು.

ಒಂದು ಜನವರಿಯಲ್ಲಿ ಶಾವಕ್ಕನನ್ನು ಕರೆತಂದರು. ಕುಂದಗೋಳದ ಕಡೆಯವಳು, ಖಾನಾವಳಿ ನಡೆಸುವ ಐವತ್ತೆಂಟರ ಹೆಂಗಸು. ಅಣ್ಣ ಹೊಲದಲ್ಲಿ ಕುಸಿದು ತೀರಿಕೊಂಡನೆಂಬ ಸುದ್ದಿ ಫೋನಿನಲ್ಲಿ ಕೇಳಿ, ರೊಟ್ಟಿ ಬಡಿಯುತ್ತಿದ್ದ ಕೈಯಲ್ಲೇ ಎದೆ ಹಿಡಿದುಕೊಂಡು ಕುಳಿತುಬಿಟ್ಟಿದ್ದಳಂತೆ. ರಕ್ತನಾಳಗಳಲ್ಲಿ ಎಲ್ಲೂ ಅಡ್ಡಿ ಇರಲಿಲ್ಲ. ಆದರೆ ಹೃದಯದ ಕೆಳಭಾಗ ಬಲ ಕಳೆದುಕೊಂಡು ಉಬ್ಬಿ, ಕತ್ತು ಮಾತ್ರ ಬಿಗಿಯಾಗಿ, ಥೇಟ್ ತಂಬಿಗೆಯ ಆಕಾರಕ್ಕೆ ಬಂದಿತ್ತು. ನನಗೆ ಭಯವಾಯಿತು. ರಬ್ಬರ್ ಹೃದಯ ಯಾರ ಸಾವಿಗೂ ಹೀಗಾಗುವುದಿಲ್ಲ.

"ಮನಸ್ಸಿಗೆ ಬಿದ್ದ ಪೆಟ್ಟು ಹೃದಯಕ್ಕ ತಾಗೇದ. ಕೆಲವು ವಾರದಾಗ ಸುಧಾರಸ್ತದ" ಎಂದರು ಡಾಕ್ಟರ್. ಹಾಗೇ ಆಯಿತು. ಎರಡು ತಿಂಗಳಿಗೆ ತಂಬಿಗೆ ಮತ್ತೆ ಹೃದಯವಾಯಿತು.

ಆದರೆ ಆಮೇಲೇನು? ಇಂಥ ಪೆಟ್ಟು ತಿಂದವರಲ್ಲಿ ಯಾರಿಗೆ ಮರುಕಳಿಸುತ್ತದೆ, ಯಾರಿಗಿಲ್ಲ? ಡಾಕ್ಟರ್ ನಲವತ್ತಾರು ಜನರನ್ನು ಆರಿಸಿಕೊಂಡು ಹತ್ತು ವರ್ಷದ ಅಧ್ಯಯನಕ್ಕೆ ಕೈಹಾಕಿದರು. ಹೊಸ ಔಷಧಿ ಇಲ್ಲ, ಪ್ರಯೋಗ ಇಲ್ಲ. ವರ್ಷಕ್ಕೊಮ್ಮೆ ಕರೆದು ನೋಡುವುದು, ಬರೆದಿಡುವುದು. "ಬರೇ ನೋಡಾಕ ಹತ್ತು ವರ್ಷ ಬೇಕೇನ್ರಿ?" ಎಂದು ಕಸ್ತೂರಿ ನಕ್ಕರೂ, ಎಲ್ಲರಿಗೂ ಫೋನು ಮಾಡುವ ಕೆಲಸ ಹೊತ್ತವರು ಅವರೇ. ನಿಯಮ ಬಿಗಿ. ಕಾಯಿಲೆ ಬಿದ್ದ ತಾರೀಖಿಗೆ ಸರಿಯಾಗಿ ಬರಬೇಕು, ಹಿಂದೆಮುಂದೆ ಆಗುವಂತಿಲ್ಲ.

ಮೊದಲೆರಡು ವರ್ಷ ಶಾವಕ್ಕ ಬಂದಳು. ಎರಡು ಸಲವೂ ನಾಡಿ ನೂರರ ಮೇಲೆ. ಉಳಿದವರದ್ದೂ ಹೆಚ್ಚುಕಡಿಮೆ ಹಾಗೇ. ಗಾಯ ಮಾಯ್ದರೂ ಹೃದಯ ವರ್ಷಗಟ್ಟಲೆ ಗಾಬರಿಯಲ್ಲೇ ಇರುತ್ತದೆ ಎಂದು ಡಾಕ್ಟರ್ ಉದ್ದನೆಯ ಲೇಖನ ಸಿದ್ಧಪಡಿಸಿದರು. ನನಗೂ ಹೆಮ್ಮೆ, ಲೆಕ್ಕವೆಲ್ಲ ನನ್ನದಲ್ಲವೇ.

ಮೂರನೆಯ ವರ್ಷ ಬಂದವರು ಹತ್ತೊಂಬತ್ತೇ ಜನ. ಶಾವಕ್ಕನ ಸುಳಿವಿಲ್ಲ. ಮುಂದಿನ ವರ್ಷ ಅರ್ಧದಷ್ಟಾದರೂ ಜನ ಬರದಿದ್ದರೆ ಅಧ್ಯಯನ ಮುಚ್ಚಿ, ಹಳೆಯ ಯಂತ್ರವನ್ನು ಗುಜರಿಗೆ ಹಾಕಿ ಎಂದು ಆಸ್ಪತ್ರೆಯ ಸಮಿತಿ ಬರೆದು ಕಳಿಸಿತು. ಹಳೆಯ ಯಂತ್ರವೆಂದರೆ ನಾನೇ. ಡಾಕ್ಟರು ಆ ಕಾಗದವನ್ನು ನನ್ನ ಮೇಲೆಯೇ ಇಟ್ಟು, ಬಂದವರ ಪಟ್ಟಿಯನ್ನು ಮತ್ತೆ ಮತ್ತೆ ಎಣಿಸಿದರು. ಅವರ ಸಂಕಟ ನನಗೆ ತಿಳಿಯುತ್ತಿತ್ತು.

ಕಸ್ತೂರಿ ಸುಮ್ಮನಿರುವ ಪೈಕಿ ಅಲ್ಲ. ಬಸ್ಸು ಹತ್ತಿ ಖಾನಾವಳಿಗೇ ಹೋಗಿ, ಮಾರ್ಚಿನ ಒಂದು ಸೋಮವಾರ ಶಾವಕ್ಕನನ್ನು ಕರೆತಂದು ನನ್ನೆದುರು ಮಲಗಿಸಿದರು. ನಾಡಿ ನೋಡಿದೆ. ಎಪ್ಪತ್ತೆರಡು. ಹೃದಯ ಹದವಾಗಿ, ನಿರಾಳವಾಗಿ ಮಿಡಿಯುತ್ತಿತ್ತು.

"ಶಾವಕ್ಕಾ, ಔಷಧ ಏನರೆ ಹೊಸಾದು ತಗೊಂಡ್ರೇನು?" ಡಾಕ್ಟರಿಗೆ ಅಚ್ಚರಿ.

"ಇಲ್ರಿ ಬಾಯಾರ."

"ಮತ್ತ ಜನವರಿಗೆ ಯಾಕ ಬರಲಿಲ್ಲ?"

ಶಾವಕ್ಕ ಸೆರಗು ಸರಿಮಾಡಿಕೊಂಡು ಎದ್ದು ಕುಳಿತಳು. "ನೀವು ಕರಿಯೋದು ಯಾವತ್ತು ಅಂತ ನೋಡೀರೇನ್ರಿ? ನಮ್ಮ ಅಣ್ಣ ಹೋದ ದಿನಾ. ಅವತ್ತು ನಾ ತವರಿಗೆ ಹೋಗಿ ಅವನ ಫೋಟೋಕ್ಕ ಮಾಲಿ ಹಾಕ್ಲೋ, ಇಲ್ಲಿ ಬಂದು ಮಲಗ್ಲೋ? ಎರಡು ವರ್ಷ ಅಳಕೋತ ಬಂದೆ. ದೊಡ್ಡ ಡಾಕ್ಟರ್ ಅದಾರ, ತಿಳದ ಕರ್ದಿರ್ತಾರ ಅಂದ್ಕೊಂಡೆ."

ಡಾಕ್ಟರು ನನ್ನ ಹಳೆಯ ಚಿತ್ರಗಳನ್ನು ಒಂದೊಂದಾಗಿ ತೆಗೆದು ತಾರೀಖು ನೋಡತೊಡಗಿದರು. ಗಂಡ ಸತ್ತ ದಿನ, ಮನೆ ಸುಟ್ಟ ದಿನ, ಮಗಳು ಹೋದ ದಿನ. ಹೆಚ್ಚಿನವರನ್ನು ನಾವು ಅದೇ ದಿನಕ್ಕೆ ಕರೆಸಿ, ಎದೆ ಯಾಕೆ ಹೊಡೆದುಕೊಳ್ಳುತ್ತಿದೆ ಎಂದು ಕೇಳಿದ್ದೆವು. ನನಗೆ ನಾಚಿಕೆಯಾಯಿತು.

"ಕಸ್ತೂರಿ, ನಾವು ಇವರ ಹೃದಯ ನೋಡಿಲ್ಲ. ಆ ದಿನದ ದುಃಖಾ ನೋಡೇವಿ" ಎಂದರು ಡಾಕ್ಟರ್. ಅವರ ಕಣ್ಣು ತುಂಬಿತ್ತು.

ಸಿದ್ಧಪಡಿಸಿದ್ದ ಲೇಖನವನ್ನು ಅವರೇ ಹರಿದು ಹಾಕಿದರು. ತಪ್ಪು ತಮ್ಮದೇ ಎಂದು ಸಮಿತಿಗೆ ಬರೆದರು, ತಾರೀಖಿನ ನಿಯಮವನ್ನೂ ತೆಗೆದರು. ಇನ್ನು ಮೇಲೆ ದಿನ ಆರಿಸುವುದು ಬರುವವರಿಗೇ ಬಿಟ್ಟದ್ದು.

"ಹಂಗಾದ್ರ ನಾ ಪಂಚಮಿಗೆ ಬರ್ತೀನ್ರಿ" ಎಂದಳು ಶಾವಕ್ಕ. "ಪಂಚಮಿಗೆ ಅಣ್ಣ ತವರಿಗೆ ಕರ್ಕೊಂಡು ಹೋಗಾಕ ಬರ್ತಿದ್ದ. ಈಗ ಕರಿಯಾವ್ರು ಯಾರೂ ಇಲ್ಲ. ನೀವು ಕರೀರಿ."

ನಾಲ್ಕನೆಯ ವರ್ಷ ಮೂವತ್ತನಾಲ್ಕು ಜನ ಬಂದರು. ಅಧ್ಯಯನ ಉಳಿಯಿತು, ನಾನೂ ಉಳಿದೆ. ಹತ್ತು ವರ್ಷದಲ್ಲಿ ನಾಲ್ವರಿಗೆ ಕಾಯಿಲೆ ಮರುಕಳಿಸಿತು. ಕಾಯಿಲೆಯ ಲಕ್ಷಣ ಮೊದಲೇ ತಿಳಿದಿದ್ದರಿಂದ ನಾಲ್ವರೂ ಬೇಗ ಬಂದು ಬದುಕಿಕೊಂಡರು. ಉಳಿದವರ ಹೃದಯಗಳು ವರ್ಷದಿಂದ ವರ್ಷಕ್ಕೆ ಶಾಂತವಾಗುತ್ತಾ ಹೋದುದನ್ನು ನಾನೇ ಕಂಡಿದ್ದೇನೆ.

ಈಗ ನನಗೆ ವಯಸ್ಸಾಗಿದೆ. ಪರದೆಯಲ್ಲಿ ಗೆರೆ ಬೀಳುತ್ತದೆ. ಕಿಟಕಿಯ ಪಕ್ಕದ ಮೂಲೆಯಲ್ಲಿ ನಿಂತಿದ್ದೇನೆ, ವಿದ್ಯಾರ್ಥಿಗಳು ನನ್ನ ಮೇಲೆ ಕೈ ಪಳಗಿಸಿಕೊಳ್ಳುತ್ತಾರೆ. ಮೊನ್ನೆ ಪಂಚಮಿಗೆ ಶಾವಕ್ಕ ಬಂದಿದ್ದಳು. ಹೊಸ ಯಂತ್ರದವರ ಕೆಲಸ ಮುಗಿದ ಮೇಲೆ ನನ್ನನ್ನು ಹುಡುಕಿಕೊಂಡು ಬಂದು, ನನ್ನ ತಲೆಯ ಮೇಲೆ ಒಂದು ಶೇಂಗಾ ಉಂಡಿ ಇಟ್ಟಳು.

"ಇದಕ್ಕೇನು ತಿಳಿತೈತಿ ಶಾವಕ್ಕಾ?" ಎಂದರು ಕಸ್ತೂರಿ.

"ಇಷ್ಟು ವರ್ಷ ನನ್ನ ಎದಿ ನೋಡೈತಿ. ತಿಳಿದ ಇರತೈತಿ."

ಸಂಜೆಗೆ ಇರುವೆ ಮುತ್ತಿದವು. ಕಸ್ತೂರಿ ಗೊಣಗುತ್ತಾ ನನ್ನನ್ನು ಒರೆಸಿದರು. ಒರೆಸುತ್ತಲೇ ಭುಜ ಕಿವಿಗಳ ನಡುವೆ ಫೋನು ಸಿಕ್ಕಿಸಿಕೊಂಡು, ಹೋದ ವಾರವಷ್ಟೇ ಗಂಡನನ್ನು ಕಳೆದುಕೊಂಡು ತಂಬಿಗೆಯಾದ ಎದೆಯೊಂದಿಗೆ ಬಂದಿದ್ದ ಹೊಸಬಳೊಬ್ಬಳನ್ನು ಕೇಳುತ್ತಿದ್ದರು: "ಮುಂದಿನ ವರ್ಷ ಯಾವತ್ತು ಬರಾಕ ಮನಸಾಕ್ಕೈತಿ ತಂಗಿ? ನೀನ ಹೇಳು, ಬರ್ಕೋತೀನಿ."