ಎಡದ ಎತ್ತು, ಬಲದ ಎತ್ತು

ನನಗೆ ಹತ್ತೊಂಬತ್ತು ತುಂಬಿದ ವರ್ಷ ಅಬ್ಬಾ ಚಳಿಜ್ವರದಲ್ಲಿ ಮಲಗಿದರು. ಮೂವತ್ನಾಲ್ಕನೇ ಇಸವಿ ಇರಬೇಕು. ಯಲ್ಲಾಪುರದಲ್ಲಿ ಆಗ ಮನೆಗೊಬ್ಬರು ಹಾಗೆ ಕಂಬಳಿ ಹೊದ್ದು ನಡುಗುತ್ತಿದ್ದರು. ನಮ್ಮದು ಬಾಡಿಗೆ ಗಾಡಿ. ಘಟ್ಟದ ಕೆಳಗೆ ಅಂಕೋಲೆಗೆ ಬೆಲ್ಲ ಒಯ್ಯುವುದು, ಬರುವಾಗ ಉಪ್ಪು ತರುವುದು. ಅಬ್ಬಾನ ಜೊತೆ ಎಷ್ಟೋ ಸಲ ಘಟ್ಟ ಇಳಿದಿದ್ದೆ, ಆದರೆ ಹಗ್ಗ ಹಿಡಿದವನಲ್ಲ. ಪೇಟೆಗೆ ಲಾರಿ ಬಂದಿತ್ತು. ಗೆಳೆಯ ಮುಕ್ತಾರ್ ಲಾರಿ ಒರೆಸುವ ಕೆಲಸಕ್ಕೆ ಸೇರಿ, "ಎತ್ತಿನ ಬಾಲ ಹಿಡ್ಕೊಂಡು ಎಷ್ಟು ದಿನ ಇರ್ತಿ ಸುಭಾನ್?" ಎಂದು ಕೆಣಕುತ್ತಿದ್ದ. ಅತ್ತ ಹೋಗಲೋ ಇತ್ತ ಇರಲೋ ನನಗೇ ತಿಳಿಯದು. ಅಷ್ಟರಲ್ಲಿ ಅಬ್ಬಾ ಹಗ್ಗ ಕೈಗಿಟ್ಟರು.

"ಕೆರಿಯಪ್ಪನ ಗಾಡಿ ಹಿಂದೆ ಹೋಗು. ಎತ್ತು, ಗಾಡಿ ಎರಡೂ ತಿರುಗಿ ಬರ್ಬೇಕು. ನೀನೂ."

ನನ್ನನ್ನು ಕೊನೆಗೆ ಸೇರಿಸಿದರು.

ಮಂಚಿಕೇರಿಯ ಚೌಡಮ್ಮಜ್ಜಿ ಅಂಕೋಲೆಯ ಮೊಮ್ಮಗಳ ಬಾಣಂತನಕ್ಕೆ ಹೊರಟವಳು ನಮ್ಮ ಗಾಡಿ ಹತ್ತಿದಳು. ಬೆಲ್ಲದ ಮೂಟೆಯ ಮೇಲೆ ಕೂತು ಎಲೆ ಮಡಿಸುತ್ತ ಕೇಳಿದಳು: "ತಮಾ, ನಿಂಗೆ ಗಾಡಿ ಹೊಡಿಯೂಕೆ ಬತ್ತದ್ಯಲಾ?"

"ಬರದೆ ಏನಜ್ಜಿ!" ಎಂದೆ.

ಅರಬೈಲ್ ಘಟ್ಟದ ನೆತ್ತಿಯಲ್ಲಿ ಗಾಡಿ ನಿಲ್ಲಿಸಿ ಹಿಂದೆ ಮರದ ಕೊರಡು ಕಟ್ಟುವುದು ರೂಢಿ. ಅದು ನೆಲಕ್ಕೆ ಉಜ್ಜುತ್ತ ಬಂದರೆ ಗಾಡಿ ಎತ್ತಿನ ಮೇಲೆ ನುಗ್ಗುವುದಿಲ್ಲ. ಎರಡೂ ಗಾಡಿಗೆ ಕೊರಡು ಕಟ್ಟಿ ಮುಂದಿನ ಗಾಡಿಯ ಕೆರಿಯಪ್ಪ ಗಂಜಿಗೆ ಕೂತ. ನಾನು ಎತ್ತಿಗೆ ನೀರು ಕುಡಿಸುವ ನೆಪದಲ್ಲಿ ಅಂಚಿಗೆ ಹೋಗಿ ಕೆಳಗೆ ನೋಡಿದೆ. ನೋಡಬಾರದಿತ್ತು. ಇಳಿಯುವಾಗ ಕಮರಿ ಎಡಗಡೆ. ನಮ್ಮ ಎಡದ ಎತ್ತು ಎಳೆಯದು, ಎಲೆ ಅಲುಗಿದರೆ ಬೆಚ್ಚುವಂಥದು. ಬಲದ್ದು ಹಳೆಯದು, ಗಟ್ಟಿ. ಕಮರಿಯ ಬದಿಗೆ ಗಟ್ಟಿ ಎತ್ತೇ ಇರಲಿ ಎಂದು ಹೆದರಿದ ತಲೆಗೆ ಹೊಳೆಯಿತು. ನೀರು ಕುಡಿಸಿ ತಂದವನು ಯಾರಿಗೂ ಹೇಳದೆ ಎರಡನ್ನೂ ಅದಲುಬದಲು ಕಟ್ಟಿದೆ.

ಒಂದೇ ಬದಿಯಲ್ಲಿ ಎಳೆದು ರೂಢಿಯಾದ ಎತ್ತಿಗೆ ಆ ಬದಿಯೇ ಮನೆ. ಇದು ಗೊತ್ತಿರದವನಲ್ಲ ನಾನು. ಹೆದರಿಕೆ ಗೊತ್ತಿದ್ದದ್ದನ್ನೂ ಮರೆಸುತ್ತದೆ.

ಎರಡನೇ ತಿರುವಿಗೇ ಶುರುವಾಯಿತು. ಎಳೆಯ ಎತ್ತು ತನ್ನ ಜಾಗ ಹುಡುಕುತ್ತ ಎಡಕ್ಕೆ ಒತ್ತತೊಡಗಿತು. ಹಳೆಯದಕ್ಕೆ ಆ ಬದಿಯಲ್ಲಿ ಕಾಲಿಡುವುದೇ ತಿಳಿಯದು. ಇದು ಒತ್ತಿದಷ್ಟೂ ಅದು ಜಾಗ ಬಿಟ್ಟುಕೊಟ್ಟಿತು.

"ಎಂತದಾ ತಮಾ, ಸವತಿಯರ ಹಾಂಗೆ ತಿವಿದಾಡ್ತವಲಾ ಇವು!" ಅಜ್ಜಿ ನಕ್ಕಳು.

ನಾನು ಕೆಳಗೆ ಹಾರಿ ಎರಡರ ಮೂಗುದಾರವನ್ನೂ ಹಿಡಿದೆ. ಎಡದ ಚಕ್ರ ಅಂಚಿನಿಂದ ಒಂದು ಮೊಳದಲ್ಲಿತ್ತು. ಸಣ್ಣ ಕಲ್ಲುಗಳು ಉದುರಿದವು. ಅವು ಕೆಳಗೆ ಬಿದ್ದ ಸದ್ದು ಕೇಳಿಸಲೇ ಇಲ್ಲ. ಗಾಡಿ ಉರುಳದಂತೆ ಚಕ್ರಕ್ಕೆ ಕಲ್ಲು ಕೊಡಬೇಕು, ಕೊಡಲು ಹೋದರೆ ಎತ್ತು ಬಿಡಬೇಕು. ಕೆರಿಯಪ್ಪನನ್ನು ಕೂಗಿದರೆ ಬಂದು ನೋಡುತ್ತಾನೆ, ಸಂತೆಯಲ್ಲೆಲ್ಲ ಹೇಳುತ್ತಾನೆ, ಅಬ್ಬಾನ ಕಿವಿಗೂ ಮುಟ್ಟುತ್ತದೆ. ಅವನ ಗಾಡಿ ತಿರುವಿನಲ್ಲಿ ಮರೆಯಾಗುತ್ತಿತ್ತು. ಕೂಗಲಿಲ್ಲ, ಮೂಗುದಾರ ಇನ್ನೂ ಬಿಗಿ ಹಿಡಿದೆ. ಹಳೆಯ ಎತ್ತು ಇನ್ನೊಂದು ಹೆಜ್ಜೆ ಎಡಕ್ಕಿಟ್ಟಿತು.

"ಅಜ್ಜಿ, ನನಗೆ ಬರೋದಿಲ್ಲ," ಎಂದೆ. "ಇಳೀರಿ. ಹಿಂದಿನಿಂದ ಇಳೀರಿ. ಚಕ್ರಕ್ಕೊಂದು ಕಲ್ಲು ಕೊಡ್ರಿ."

ಅಜ್ಜಿಯ ನಗು ನಿಂತಿತು. ಎಪ್ಪತ್ತರ ಮುದುಕಿ ಸೀರೆ ಎತ್ತಿ ಕಟ್ಟಿ ಜಾರಿ ಇಳಿದಳು. ಕಲ್ಲು ಹೊತ್ತು ತಂದು ಚಕ್ರದ ಮುಂದೆ ಒತ್ತಿದಳು. ಆಮೇಲೆ ನಾನು ಗಂಟಲು ಹರಿಯುವಂತೆ ಕೂಗಿದೆ: "ಕೆರಿಯಪ್ಪಣ್ಣಾ! ನಿಲ್ಸ್ರೀ!"

ಅವನು ತನ್ನ ಗಾಡಿಗೆ ಕಲ್ಲು ಕೊಟ್ಟು ಏದುಸಿರು ಬಿಡುತ್ತ ಹತ್ತಿ ಬಂದ. ಎತ್ತುಗಳನ್ನು ಒಮ್ಮೆ ನೋಡಿದ, ಅಷ್ಟೇ ಸಾಕಾಯಿತು.

"ಜಾಗ ಬದ್ಲಿ ಮಾಡೀಯೇನೋ? ಯಾಕ?"

"ಹೆದ್ರಿಕೆ ಆತು."

"ಹೆದ್ರಿಕೆ ಆದ್ರ ನನಗ ಹೇಳಬೇಕು. ಎತ್ತಿಗೆ ಯಾಕ ಹೇಳಾಕ ಹೋದಿ?"

ಅವನು ನೊಗಕ್ಕೆ ಹೆಗಲು ಕೊಟ್ಟು ನಿಂತ. ನಾನು ಒಂದೊಂದೇ ಎತ್ತು ಬಿಚ್ಚಿ ತಿರುಗಿ ಅದರದರ ಬದಿಗೆ ಕಟ್ಟಿದೆ. ಕೊರಳಿನ ಕಣ್ಣಿಯ ಗಂಟು ಮೂರು ಸಲ ಜಾರಿತು. ಎಳೆಯದು ಎಡಕ್ಕೆ ಬಂದದ್ದೇ ಉಸಿರು ಬಿಟ್ಟು ತಣ್ಣಗಾಯಿತು.

"ನೀವೇ ಹೊಡ್ಕೊಂಡು ಹೋಗ್ರಣ್ಣ," ಎಂದೆ.

"ಹಂಗಾದ್ರ ನನ್ನ ಗಾಡಿ ನಿಮ್ಮಪ್ಪ ಬಂದು ಹೊಡೀತಾನೇನು?" ಎಂದು ಅವನು ಇಳಿದು ಹೋದ.

ಅಜ್ಜಿ ಮತ್ತೆ ಗಾಡಿ ಹತ್ತಲಿಲ್ಲ. "ನಾ ನಡ್ಕಂಡೇ ಬರ್ತೆ. ಕಲ್ಲು ಬೇಕಾದಲ್ಲಿ ಬಾಯಿಬಿಟ್ಟು ಹೇಳು," ಎಂದು ಕಲ್ಲನ್ನು ಕೊಡಪಾನದ ಹಾಗೆ ಸೊಂಟಕ್ಕೆ ಇಟ್ಟುಕೊಂಡು ಚಕ್ರದ ಪಕ್ಕ, ಗುಡ್ಡದ ಬದಿಯಲ್ಲಿ ನಡೆದಳು.

ಎತ್ತು ಸರಿಯಾದರೂ ನನ್ನ ಹೆದರಿಕೆ ಹೋಗಲಿಲ್ಲ. ಪ್ರತಿ ತಿರುವಿನಲ್ಲೂ "ಅಜ್ಜೀ, ಕಲ್ಲು!" ಎಂದು ಕೂಗಿದೆ. ಬೇಕಿದ್ದಲ್ಲೂ ಕೂಗಿದೆ, ಬೇಡದಿದ್ದಲ್ಲೂ ಕೂಗಿದೆ. ಎದುರು ಹತ್ತಿ ಬರುತ್ತಿದ್ದ ಗಾಡಿಯವರು ನಿಂತು ನಕ್ಕರು. ನಗಲಿ ಎಂದು ಮತ್ತೂ ಕೂಗಿದೆ.

ಕೆಳಗಿನ ಸಪಾಟು ನೆಲ ಮುಟ್ಟಿದಾಗ ನನ್ನ ಗಂಟಲಲ್ಲಿ ದನಿಯೇ ಉಳಿದಿರಲಿಲ್ಲ. ಗಾಡಿ ನಿಲ್ಲಿಸಿ ಅಜ್ಜಿಗೆ ಹತ್ತಲು ಕೈ ನೀಡಿದೆ. ಅವಳು ಕಲ್ಲು ಎಸೆದು ನನ್ನ ಕೈ ನೋಡಿದಳು.

"ಅದು ನಡುಗೂದು ನಿಲ್ಲಲಿ," ಎಂದಳು. "ಆಮೇಲೆ ಹತ್ತಿದರಾತು."

ಇಬ್ಬರೂ ರಸ್ತೆಬದಿಯಲ್ಲಿ ಕೂತೆವು. ಬಹಳ ಹೊತ್ತು ಕೂರಬೇಕಾಯಿತು.