ಉದ್ದ ಮೂತಿಯ ಕಾರು

ಹಳದಿ ಎಲೆಯೊಂದು ಬಾನೆಟ್ಟಿನ ತುದಿಯಲ್ಲಿ ಬಿದ್ದಿದೆ, ಮೇಪಲ್ ಎಲೆ, ತೊಟ್ಟು ಮೇಲಕ್ಕೆ, ತಾನಾಗಿ ಹಾರುವಷ್ಟು ಗಾಳಿಯಿಲ್ಲ, ಹಾರಿಸುವಷ್ಟು ವೇಗವೂ ಇಲ್ಲ, ಶವದ ಗಾಡಿಯ ಹಿಂದೆ ಯಾರು ವೇಗವಾಗಿ ಹೋಗುತ್ತಾರೆ, ಕಪ್ಪು ಬಣ್ಣದ ಮೇಲೆ ಅದೊಂದೇ ಎಲೆ, ಜಿಗ್ಮುಂಟ್ ಇದ್ದಿದ್ದರೆ ನಿಲ್ಲಿಸಿ ಇಳಿದು ತೆಗೆಯುತ್ತಿದ್ದ, ಉಗುರು ತಾಗದ ಹಾಗೆ, ಮಗುವಿನ ಕೆನ್ನೆಯಿಂದ ಅನ್ನದಗುಳು ತೆಗೆದ ಹಾಗೆ. ಅವನು ಮುಂದಿನ ಗಾಡಿಯಲ್ಲಿ ಮಲಗಿದ್ದಾನೆ. ಗಾಜಿನಾಚೆ ಪೆಟ್ಟಿಗೆಯ ತುದಿ, ಅದರ ಮೇಲೆ ಬಿಳಿ ಹೂವು, ಇಗರ್ಜಿಯಿಂದ ಹೊರಟಾಗ ಆರು ಮಂದಿ ಹೊತ್ತು ತಂದರು, ಆರು ಮಂದಿ ಬೇಕಿರಲಿಲ್ಲ, ಕೊನೆಗೆ ಅವನನ್ನು ನಾನೊಬ್ಬಳೇ ಮಗ್ಗುಲು ಬದಲಿಸುತ್ತಿದ್ದೆ. ಮೆಟ್ಟಿಲಿಳಿದಾಗ ಬೊಲೆಕ್ ಕೀಲಿಕೈ ನೀಡಿದ, ಜಿಗ್ಮುಂಟನ ತಮ್ಮ, ಅವನಿಗೂ ಅರವತ್ತು ದಾಟಿದೆ, ಕೊಕ್ಕರೆಯ ಹಾಗೆ ಉದ್ದಕ್ಕೆ ನಿಂತು, ಅತ್ತಿಗೆ, ಅಣ್ಣ ಹೇಳಿದ್ದಾನೆ, ಹಿಂದೆ ಅವನ ಕಾರೇ ಬರ್ಬೇಕಂತೆ, ನೀವೇ ಓಡಿಸ್ಬೇಕಂತೆ, ಅಂದ. ನಿನಗೆ ತಲೆ ಕೆಟ್ಟಿದೆಯಾ ಬೊಲೆಕ್, ನಾನು ಅದನ್ನು ಓಡಿಸಿ ನಲವತ್ತು ವರ್ಷವಾಯಿತು, ಓಡಿಸಿದ್ದು ಒಂದೇ ಸಲ, ಆ ಒಂದು ಸಲ ಪಕ್ಕದ ಮನೆಯ ಸ್ತಾಖ್‌ನ ಅಂಚೆಪೆಟ್ಟಿಗೆ ಕಂಬಸಮೇತ ಬಿದ್ದಿತು. ಗೊತ್ತು, ಆದ್ರೂ ಹೇಳಿದ್ದಾನೆ. ರೆನಾಟಾ ಆಗಲೇ ಹಿಂದಿನ ಸೀಟಿನೊಳಗೆ ನುಸುಳಿಬಿಟ್ಟಿದ್ದಳು, ಎರಡು ಮಕ್ಕಳ ತಾಯಿ, ಮಂಡಿ ಗಲ್ಲಕ್ಕೆ ತಾಗುವ ಹಾಗೆ ಮುದುಡಿಕೊಂಡು. ಮುಂದೆ ಬಾರೇ ಅಂದೆ. ಮುಂದಿನದು ನಿನ್ನ ಸೀಟಲ್ವಾ ಅಮ್ಮ, ಅಂದಳು, ಹೇಳಿದ ಮೇಲೆ ಅವಳಿಗೇ ಗೊತ್ತಾಯಿತು, ಆದರೂ ಅಲ್ಲಿಂದ ಏಳಲಿಲ್ಲ. ನನ್ನ ಸೀಟು ಪಕ್ಕದಲ್ಲಿ ಖಾಲಿ ಇದೆ.

ಎಲೆ ಇನ್ನೂ ಅಲ್ಲೇ ಇದೆ. ತುದಿಯಲ್ಲಿ. ತುದಿ ನನಗೆ ಹೇಗೆ ಕಾಣಿಸುತ್ತಿದೆ? ಈ ಕಾರಿನಲ್ಲಿ ನನಗೆ ಎಂದೂ ಬಾನೆಟ್ಟಿನ ತುದಿ ಕಂಡದ್ದಿಲ್ಲ, ಕರಿ ಗುಡ್ಡವೊಂದು ಎದುರಿಗೆ, ಅದರಾಚೆ ಆಕಾಶ, ವಿದ್ಯುತ್ ತಂತಿ, ಸಿಗ್ನಲ್ ದೀಪ, ರಸ್ತೆ ಎಂಬುದು ಬೇರೆಯವರು ಹೇಳಿ ನಂಬಬೇಕಾದ ಸಂಗತಿ. ಅವನು ಹೇಳುತ್ತಿದ್ದ, ಹಲಿಂಕಾ, ಅದು ಉದ್ದ ಅಲ್ಲ ಕಣೆ, ಉದ್ದ ಕಾಣೋದು. ಸ್ತಾಖ್ ನಂಬದೆ ನಕ್ಕಾಗ ಹಗ್ಗ ತಂದು ಅಳೆಸಿದ್ದ, ಸ್ತಾಖ್‌ನ ಸಂಸಾರದ ಗಾಡಿ, ಆರು ಮಕ್ಕಳು ಒಂದು ನಾಯಿ ಹೇರುವ ಗಾಡಿ, ಅದೇ ಒಂದು ಮೊಳ ಉದ್ದವಿತ್ತು, ಹಗ್ಗ ಹಿಡಿದು ಸ್ತಾಖ್ ಬಾಯಿ ಬಿಟ್ಟುಕೊಂಡು ನಿಂತ, ಅಯ್ಯೋ ನಂದು ಯಾಕಯ್ಯಾ ಹಂಗಾದ್ರೆ ಹೆಣದ ಪೆಟ್ಟಿಗೆ ಥರ ಕಾಣುತ್ತೆ, ಅಂದ, ಎಲ್ಲರೂ ನಕ್ಕರು, ನಾನೂ ನಕ್ಕಿದ್ದೆ, ಬೇಸಿಗೆಯ ಸಂಜೆ, ಅಂಗಳದಲ್ಲಿ ಸಾಸೇಜು ಸುಡುವ ಹೊಗೆ. ಮುಂದಿನ ಚಕ್ರಾನ ಮೂಗಿನ ಕಡೆ ತಳ್ಳಬೇಕು ಸ್ತಾಖ್, ಚಕ್ರಕ್ಕೂ ಬಾಗಿಲಿಗೂ ನಡುವೆ ಜಾಗ ಬಿಡಬೇಕು, ಆ ಜಾಗದಲ್ಲೇ ಇರೋದು ಎಲ್ಲಾ, ಸೂರು ತಗ್ಗಿಸಬೇಕು, ಕಿಟಕಿ ಕಿರಿದು ಮಾಡಬೇಕು, ಬಾಲ ಗಿಡ್ಡ ಕತ್ತರಿಸಬೇಕು, ಆಗ ನಿಂತಿದ್ರೂ ಹೊರಡೋ ಹಾಗೆ ಕಾಣುತ್ತೆ. ಹೇಳುವಾಗ ಅವನ ಕೈ ಗಾಳಿಯಲ್ಲಿ ಆ ಗೆರೆಯನ್ನು ಸವರುತ್ತಿತ್ತು. ಉಗುರಿನೊಳಗೆ ಕಂದು ಜೇಡಿಮಣ್ಣು. ಕಾರಿನ ಕಂಪನಿಯ ಸ್ಟುಡಿಯೊದಲ್ಲಿ ಅವನದು ಮಣ್ಣಿನ ಕೆಲಸ, ಕಾಗದದ ಮೇಲೆ ಯಾರೋ ಬರೆದದ್ದನ್ನು ನಿಜವಾದ ಕಾರಿನಷ್ಟೇ ದೊಡ್ಡದಾಗಿ ಮಣ್ಣಿನಲ್ಲಿ ಕಟ್ಟಿ ಉಕ್ಕಿನ ಪಟ್ಟಿಯಿಂದ ಹೆರೆದು ಹೆರೆದು ನುಣುಪು ಮಾಡುವುದು, ಈ ಕಾರಿನ ಹಿಂಭಾಗದ ಉಬ್ಬು ಅವನ ಕೈಯದು, ಎಡಬದಿಯದು, ಬಲಬದಿಯದು ಇನ್ನೊಬ್ಬನದು, ಎಡಬದಿಯೇ ಚೆಂದ ಎಂದು ಸಾಯುವ ತನಕ ಹೇಳಿದ. ಕೇರಿಯ ಹೆಂಗಸರು ನನ್ನನ್ನು ರೇಗಿಸುತ್ತಿದ್ದರು, ಅದ್ಯಾರ ಸೊಂಟ ನೋಡಿ ಮಾಡಿದನೇ ನಿನ್ನ ಗಂಡ. ರಾತ್ರಿ ಕೇಳಿದರೆ, ನಮ್ಮಪ್ಪನ ಕುದುರೆದು, ಅಂದ, ಹಾರೋಕೆ ಮುಂಚೆ ಹಿಂಗಾಲು ಮಡಚುತ್ತಲ್ಲ, ಹಾಗೆ. ಸುಳ್ಳಾದರೂ ನನ್ನ ಹೆಸರು ಹೇಳಬಾರದಿತ್ತೇ. ಸುಳ್ಳು ಅವನ ಬಾಯಲ್ಲಿ ಬರುತ್ತಿರಲಿಲ್ಲ. ಅದೇ ಕಷ್ಟ.

ಅಮ್ಮ, ದೀಪ ಕೆಂಪಾಗಿದೆ, ಅಂತ ಹಿಂದಿನಿಂದ ರೆನಾಟಾ. ಕಾಣಿಸುತ್ತಿದೆ ಕಣೇ, ಎಲ್ಲವೂ ಕಾಣಿಸುತ್ತಿದೆ, ಅದೇ ನನಗೆ ತಿಳಿಯುತ್ತಿಲ್ಲ. ಪಕ್ಕಕ್ಕೆ ಒಂದು ಎತ್ತರದ ಲಾರಿಯಂಥ ಗಾಡಿ ಬಂದು ನಿಂತಿದೆ, ಈಗಿನ ಗಾಡಿಗಳೆಲ್ಲ ಹೀಗೆ, ಮನೆಯ ಮಹಡಿಯಷ್ಟು ಎತ್ತರ, ಗಡ್ಡದ ಹುಡುಗನೊಬ್ಬ ಗಾಜಿಳಿಸಿ ಮೇಲಿನಿಂದ ನೋಡುತ್ತಾನೆ, ಮುಖವೆಲ್ಲ ಅರಳಿದೆ, ಎಷ್ಟನೇ ಇಸ್ವಿದು ಅಜ್ಜಿ? ಎಪ್ಪತ್ತು, ಅಂತ ರೆನಾಟಾ ಹೇಳುತ್ತಾಳೆ. ಆ ಹಿಂದಿನ ಗೆರೆ ನೋಡಿ, ಈಗ ಯಾರು ಮಾಡ್ತಾರೆ ಹೀಗೆ, ಅನ್ನುತ್ತಾನೆ, ಎಡಬದಿ, ಅವನು ನಿಂತಿರುವುದು ಎಡಬದಿಯಲ್ಲಿ, ಜಿಗ್ಮುಂಟ್ ಕೇಳಿಸಿಕೊಂಡೆಯಾ, ಆಮೇಲೆ ಹುಡುಗನ ಕಣ್ಣು ಮುಂದಿನ ಗಾಡಿಗೆ ಹೋಗುತ್ತದೆ, ಹೂವಿಗೆ, ನಮ್ಮ ಬಾನೆಟ್ಟಿಗೆ ಅಂಟಿಸಿದ ಶವಯಾತ್ರೆಯ ಪುಟ್ಟ ಬಾವುಟಕ್ಕೆ, ಟೋಪಿ ತೆಗೆದು ತೊಡೆಯ ಮೇಲಿಡುತ್ತಾನೆ, ತಿಳೀಲಿಲ್ಲ ಅಜ್ಜಿ, ಅನ್ನುತ್ತಾನೆ ಮೆಲ್ಲಗೆ. ಹಸಿರು. ಸಾಸೇಜಿನ ಅಂಗಡಿಯಿದ್ದ ಜಾಗದಲ್ಲಿ ಈಗ ಬಂಗಾಳಿಯವರ ತರಕಾರಿ, ಸೋರೆಕಾಯಿ ಆರಿಸುತ್ತಿದ್ದ ಮುದುಕನೂ ಎದ್ದು ನಿಂತ, ನಮ್ಮವನಲ್ಲ, ಆದರೂ ಎದ್ದು ನಿಂತ. ಇದೇ ರಸ್ತೆಯಲ್ಲಿ ಹೆರಿಗೆಗೆ ಹೋದದ್ದು, ಎರಡನೆಯ ಸಲ, ಹಿಂದೆ ಮಲಗಲು ಜಾಗ ಸಾಲದೆ ನಾನು ಮುಂದೆ ಕೂತು ಕಾಲು ಡ್ಯಾಶ್‌ಬೋರ್ಡಿನ ಮೇಲಿಟ್ಟಿದ್ದೆ, ಪುಟ್ಟ ರೆನಾಟಾ ಹಿಂದಿನಿಂದ ನನ್ನ ಕೂದಲು ಹಿಡಿದುಕೊಂಡಿದ್ದಳು, ಅವನು ನಗಿಸಲು, ಇಬ್ಬರು ಮಕ್ಕಳಿಗೆ ಹಿಂದೆ ಜಾಗ ಸಾಲಲ್ಲ ಹಲಿಂಕಾ, ಇವನು ಬಂದ ಮೇಲೆ ಈ ಕಾರು ಕೊಟ್ಟುಬಿಡ್ತೀನಿ, ಸ್ತಾಖ್‌ನ ಥರದ್ದು ತರ್ತೀನಿ, ಅಂದ. ಮಗ ಬಂದ. ಒಂದು ದಿನ ಇದ್ದ. ವಾಪಸ್ಸು ಬರುವಾಗ ನಾನು ಮುಂದೆ, ರೆನಾಟಾ ಹಿಂದೆ, ಯಾರಿಗೂ ಇಕ್ಕಟ್ಟಿಲ್ಲ. ಕಾರು ಉಳಿಯಿತು. ಕೊಡುವ ಮಾತನ್ನು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ, ಎತ್ತಿದರೆ ಯಾಕೆ ಕೊಡಬೇಕಿತ್ತು ಎಂಬುದನ್ನೂ ಎತ್ತಬೇಕಾಗುತ್ತಿತ್ತು. ಭಾನುವಾರಗಳಲ್ಲಿ ಅವನು ಅದನ್ನು ಉಜ್ಜುತ್ತ ಉಜ್ಜುತ್ತ ಇದ್ದುಬಿಡುತ್ತಿದ್ದ, ನಾನು ಕಿಟಕಿಯಿಂದ ಅವನ ಬೆನ್ನು ನೋಡುತ್ತಿದ್ದೆ, ಬೆನ್ನು ಅಲುಗುತ್ತಿತ್ತು, ಉಜ್ಜುವುದಕ್ಕೋ ಅಳುವುದಕ್ಕೋ.

ಸೀಟು. ನನ್ನ ತಲೆ ಸೂರಿಗೆ ಹತ್ತಿರವಿದೆ. ಕೈ ಕೆಳಗೆ ಬಿಡುತ್ತೇನೆ, ಸೀಟಿನಡಿ ಏನೋ ಗಟ್ಟಿಯಾಗಿ ತಾಗುತ್ತದೆ, ಮರ, ನುಣುಪಾಗಿ ಉಜ್ಜಿದ ಮರದ ಕಟ್ಟೆ, ಮೂಲೆಗಳೆಲ್ಲ ದುಂಡಗೆ, ಇಂಥ ಮೂಲೆ ಈ ಊರಿನಲ್ಲಿ ಒಬ್ಬನೇ ಮಾಡುತ್ತಿದ್ದ. ಪಾದದಡಿ ಪೆಡಲು ನನ್ನ ಕಡೆಗೇ ಬಂದಂತಿದೆ, ಅದಕ್ಕೂ ಮರದ ತುಂಡು ಕಟ್ಟಿದ್ದಾನೆ. ರೆನಾಟಾ, ನಿಮ್ಮಪ್ಪ ಸೀಟು ಎತ್ತರಿಸಿದ್ದಾನೆ. ಅವಳು ಮುಂದಕ್ಕೆ ಬಗ್ಗಿ ಕೈ ಚಾಚಿ ಮರ ಮುಟ್ಟಿದಳು. ಅಪ್ಪನಾ? ಅಂದಳು, ಅಷ್ಟೇ. ಅವಳಿಗೂ ಗೊತ್ತು. ಮದುವೆಯಾದ ಮರುವರ್ಷ ಅಂಚೆಪೆಟ್ಟಿಗೆ ಬೀಳಿಸಿದ ದಿನ ನಾನು ಕೇಳಿದ್ದು, ದಿಂಬು ಇಟ್ಟರೆ ಜಾರುತ್ತೇನೆ, ಸೀಟನ್ನೇ ನಾಲ್ಕು ಬೆರಳು ಎತ್ತರಿಸು, ನಾನೂ ಓಡಿಸುತ್ತೇನೆ, ಪೇಟೆಗೆ ಹೋಗುತ್ತೇನೆ, ನನ್ನ ಅಕ್ಕನ ಮನೆಗೆ ಹೋಗುತ್ತೇನೆ. ಅವನು ಬೈಯಲಿಲ್ಲ, ಎಂದೂ ಬೈದವನಲ್ಲ, ರಸ್ತೆಯ ಆ ಬದಿಗೆ ಹೋಗಿ ಒಂದು ಕಣ್ಣು ಮುಚ್ಚಿ ಕಾರನ್ನು ನೋಡಿದ, ಸ್ಟುಡಿಯೊದಲ್ಲಿ ನೋಡುವಂತೆ, ಬಂದು ನನ್ನ ಭುಜ ಹಿಡಿದು, ಬೇಡ ಹಲಿಂಕಾ, ಆ ಕಿಟಕಿ ಅಷ್ಟು ಕಿರಿದಾಗಿರೋದೇ ಒಳಗಿನವರು ಅರ್ಧ ಮಾತ್ರ ಕಾಣಲಿ ಅಂತ, ನಿನ್ನ ತಲೆ ಮೇಲಕ್ಕೆ ಬಂದರೆ ಕಾರು ಚಿಕ್ಕದಾಗಿಬಿಡುತ್ತೆ, ಆಟದ ಸಾಮಾನಿನ ಥರ, ನೀನು ಎಲ್ಲಿಗೆ ಅಂದ್ರೂ ನಾನು ಕರ್ಕೊಂಡು ಹೋಗ್ತೀನಿ, ಅಂದ. ಕರೆದುಕೊಂಡು ಹೋದ ಕೂಡ. ಒಂದು ಸಲವೂ ಆಗಲ್ಲ ಅನ್ನಲಿಲ್ಲ. ಅಕ್ಕನಿಗೆ ಹುಷಾರಿಲ್ಲದಾಗ ಕೆಲಸ ಬಿಟ್ಟು ಬಂದು ಕರೆದುಕೊಂಡು ಹೋದ, ಬಾಗಿಲಲ್ಲೇ ಕಾಯುತ್ತ ಕೂತ. ಆದರೂ ಒಂದು ಮುಳ್ಳು. ನಾಲ್ಕು ಬೆರಳು. ನಾನು ಅವನ ಅಳತೆಯೊಳಗೆ ಬರುವುದಿಲ್ಲ, ಅವನು ಕೈಯಾರೆ ಮಾಡಿದ ಅತಿ ಚೆಂದದ ವಸ್ತುವನ್ನು ನನ್ನ ತಲೆ ಕೆಡಿಸುತ್ತದೆ, ಎಂದು ನಲವತ್ತು ವರ್ಷ ಪಕ್ಕದ ಸೀಟಿನಲ್ಲಿ ಕೂತು ಆಕಾಶ, ತಂತಿ, ಸಿಗ್ನಲ್ ದೀಪ ನೋಡಿದೆ. ಈಗ ರಸ್ತೆ ಕಾಣುತ್ತಿದೆ ಜಿಗ್ಮುಂಟ್. ಬಿಳಿ ಪಟ್ಟಿ ಕಾಣುತ್ತಿದೆ, ಅದರ ಬಿರುಕು ಕಾಣುತ್ತಿದೆ, ನಿನ್ನ ಪೆಟ್ಟಿಗೆ ಕಾಣುತ್ತಿದೆ. ಯಾವಾಗ ಮಾಡಿದೆ? ಎದ್ದು ನಿಲ್ಲಲು ಆಗದವನು, ಚಮಚ ಹಿಡಿದರೆ ಸಾರು ಚೆಲ್ಲುತ್ತಿದ್ದವನು.

ಸ್ಮಶಾನದ ಗೇಟು ಕಿರಿದು, ಒಳಗೆ ದಾರಿ ಬಳಸಿಕೊಂಡು ಹೋಗುತ್ತದೆ, ಕಲ್ಲುಗಳ ಮೇಲೆ ನಮ್ಮ ಜನರ ಹೆಸರು, ಗೊತ್ತಿದ್ದವರು, ಸ್ತಾಖ್ ಅಲ್ಲೇ ಎಡಕ್ಕೆ ಇದ್ದಾನೆ, ತಿರುವಿನಲ್ಲಿ ಮೂತಿ ಕಲ್ಲಿಗೆ ತಾಗಬಹುದೆಂದು ಬ್ರೇಕಿನ ಮೇಲೆ ಕಾಲಿಟ್ಟೆ, ತಾಗಲಿಲ್ಲ. ನಿಲ್ಲಿಸಿದೆ. ರೆನಾಟಾ ಹಿಂದಿನಿಂದ ಹೊರಬರಲು ಒದ್ದಾಡಿದಳು, ಅವಳ ಕೈ ಹಿಡಿದು ಎಳೆದೆ, ಇಬ್ಬರೂ ನಗುವಷ್ಟರಲ್ಲಿ ಅತ್ತೆವು. ಈಗ ಗುಂಡಿಯ ಬದಿಯಲ್ಲಿ ನಿಂತಿದ್ದೇವೆ, ಪಾದ್ರಿ ಹೊಸಬ, ನಮ್ಮ ಹಿರಿಯರ ನಾಡಿನ ಮಾತಿನಲ್ಲಿ ಅಲ್ಲಲ್ಲಿ ತಡವರಿಸುತ್ತಾನೆ, ಪಕ್ಕದಲ್ಲಿ ಬೊಲೆಕ್, ನಾನು ತಲೆ ಎತ್ತದೆ ಕೇಳುತ್ತೇನೆ, ಯಾವಾಗ? ಅವನಿಗೆ ಏನು ಕೇಳಿದೆನೆಂದು ಕೂಡಲೇ ತಿಳಿಯುತ್ತದೆ. ಬೇಸಿಗೇಲಿ, ನೀವು ರೆನಾಟಾ ಮನೆಗೆ ಹೋಗಿದ್ರಲ್ಲ, ಆಗ, ಅನ್ನುತ್ತಾನೆ, ತುಟಿ ಅಲುಗಿಸದೆ. ಮರ ನಾನು ಕೊಯ್ದೆ, ಉಜ್ಜಿದ್ದು ಅವನು, ಕುರ್ಚಿ ಮೇಲೆ ಕೂತು, ಎರಡು ಸಲ ಉಜ್ಜಿ ಎರಡು ಸಲ ಮಲಗ್ತಿದ್ದ. ಆಮೇಲೆ ನೋಡಬೇಕು ಅಂದ. ನಾನು ಕೂತ್ಕೊಳ್ಲಾ ಅಂದ್ರೆ, ನೀನು ಒಂಟೆ, ನಿನ್ನಿಂದ ಏನು ಗೊತ್ತಾಗುತ್ತೆ, ಅಂದ. ಆಲೂಗಡ್ಡೆ ಮೂಟೆ ತರಿಸಿದ. ಸೀಟಿನ ಮೇಲೆ ನಿಲ್ಲಿಸಿ, ಮೇಲೆ ದಿಂಬು ಕಟ್ಟಿ, ನಿಮ್ಮ ಎತ್ತರಕ್ಕೆ ಸರಿಮಾಡಿಸಿ, ಒಳಗಿಂದ ನಿಮ್ಮ ನೀಲಿ ಟೋಪಿ ತಂದು ಅದಕ್ಕೆ ಹಾಕಿಸಿದ, ಭಾನುವಾರದ್ದು. ಆಮೇಲೆ, ನನ್ನನ್ನ ಆ ಬದಿಗೆ ಕರ್ಕೊಂಡು ಹೋಗು, ಅಂದ. ರಸ್ತೆ ದಾಟೋಕೆ ಎಷ್ಟು ಹೊತ್ತಾಯ್ತು ಅಂತೀರಿ, ನಡುವೆ ಬಸ್ಸು ನಿಂತು ಕಾದಿತ್ತು. ನಾನು ರೆನಾಟಾ ಮನೆಯಿಂದ ಬಂದಾಗ ಆ ಟೋಪಿಯ ಒಳಪಟ್ಟಿಯಲ್ಲಿ ಮಣ್ಣಿತ್ತು, ಹಸಿ ಮಣ್ಣಿನ ವಾಸನೆ, ನಾನು ತೊಳೆದು ಒಣಗಿಸಿ ಇಡೀ ದಿನ ಗೊಣಗಿದ್ದೆ, ನನ್ನ ಟೋಪಿ ಹಾಕಿಕೊಂಡು ಗೆಡ್ಡೆ ಅಗೆದೆಯಾ ಎಂದು, ಅವನು ಮಲಗಿದ್ದಲ್ಲಿಂದಲೇ ನನ್ನನ್ನು ನೋಡಿದ. ಆಮೇಲೆ ಬೊಲೆಕ್, ಆಮೇಲೆ ಏನಂದ? ಏನೂ ಅನ್ನಲಿಲ್ಲ ಅತ್ತಿಗೆ, ಕಂಬಕ್ಕೆ ಒರಗಿ ಒಂದು ಕಣ್ಣು ಮುಚ್ಕೊಂಡು ನೋಡ್ತಾನೇ ಇದ್ದ. ನಾನೇ, ಹೇಗಿದೆ ಅಣ್ಣ, ಅಂದೆ. ಅಳತೆ ಕೆಟ್ಟಿತು, ಅಂದ. ಬಿಚ್ಚಿಬಿಡ್ಲಾ ಅಂದೆ. ಬೇಡ, ಇರಲಿ, ಅಂದ.

ಇರಲಿ. ಹಗ್ಗ ಜಾರುವ ಸದ್ದು, ಪೆಟ್ಟಿಗೆ ಕೆಳಕ್ಕೆ ಹೋಗುತ್ತಿದೆ, ಪಾದ್ರಿ ಹಿಡಿ ಮಣ್ಣು ಹಾಕಿದ, ರೆನಾಟಾ ನನ್ನ ಕೈಯಲ್ಲಿ ಹೂವು ಇಡುತ್ತಿದ್ದಾಳೆ, ಅಮ್ಮ, ಹಾಕು, ಅನ್ನುತ್ತಿದ್ದಾಳೆ, ಹಾಕುತ್ತೇನೆ, ಊಟಕ್ಕೆ ಇಷ್ಟು ಜನ ಬರುತ್ತಾರೆ, ಪಿಯೆರೊಗಿ ಕಡುಬು ಸಾಕಾಗುತ್ತದೋ ಇಲ್ಲವೋ, ಮನೆಯವರೆಗೆ ನಾನೇ ಓಡಿಸಬೇಕು, ಚೆಂದ ಅನ್ನಬಹುದಿತ್ತು ಅವನು, ಯಾರು ಕೇಳಿಸಿಕೊಳ್ಳುತ್ತಿದ್ದರು, ಬೊಲೆಕ್ ಒಬ್ಬ, ಚೆಂದ ಅಂದಿದ್ದರೆ ನಾನು ಈಗ ನಂಬುತ್ತಿರಲಿಲ್ಲ, ಬೇಸಿಗೆಯ ಬಿಸಿಲು, ಬಸ್ಸು ಹೋಯಿತು, ರಸ್ತೆ ಖಾಲಿ, ಅವನ ಅಂಗಿ ಭುಜದಿಂದ ಜೋತು ಬಿದ್ದಿದೆ, ಕಿರಿದಾದ ಕಿಟಕಿಯಲ್ಲಿ ಸೂರಿಗೆ ತಾಗುವ ಹಾಗೆ ನನ್ನ ನೀಲಿ ಟೋಪಿ, ಎಷ್ಟು ಹೊತ್ತು ನೋಡಿದ, ಕೇಳಬೇಕಿತ್ತು, ಅಮ್ಮ, ಹೂವು, ಹೂಂ, ಕಂಬಕ್ಕೆ ಒರಗಿದ್ದಾನೆ, ಕಿಟಕಿಯಲ್ಲಿ ಟೋಪಿ, ಒಂದು ಕಣ್ಣು ಮುಚ್ಚಿಕೊಂಡಿದ್ದಾನೆ, ನೋಡುತ್ತಿದ್ದಾನೆ, ಕಿಟಕಿಯಲ್ಲಿ ನನ್ನ ಟೋಪಿ, ನೋಡುತ್ತಿದ್ದಾನೆ—